ಹೂವಿನ ಚಿತ್ರದಲ್ಲಿ ಒಂದು ಮಿಲಿಮೀಟರಿನ ನಿರ್ಧಾರ

ಹೂವು ಹೇಗಿದೆ ಎಂದು ತಿಳಿಸುವ ಛಾಯಾಚಿತ್ರಕ್ಕೂ ಹೂವು ನಮಗೆ ಏನಾಗಿ ಕಂಡಿತು ಎಂದು ತಿಳಿಸುವ ಛಾಯಾಚಿತ್ರಕ್ಕೂ ಇರುವ ವ್ಯತ್ಯಾಸವನ್ನು ಕಲಿಯಬಂದವರಿಗೆ ವಿವರಿಸುವಾಗ ನಾನು ಭಾವದಿಂದಲ್ಲ, ಅಳತೆಯಿಂದ ಆರಂಭಿಸುತ್ತೇನೆ. ತೀರ ಹತ್ತಿರದಿಂದ ಚಿತ್ರಿಸಲು ನೆರವಾಗುವ ಮ್ಯಾಕ್ರೊ ಲೆನ್ಸ್ ಬಳಸಿ ಫುಲ್‌ಫ್ರೇಮ್ ಸೆನ್ಸರಿನ (35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡ, ಬೆಳಕನ್ನು ಗ್ರಹಿಸುವ ಫಲಕದ) ಮೇಲೆ ಹೂವನ್ನು 1:1 ಪ್ರಮಾಣದಲ್ಲಿ, ಅಂದರೆ ಅದರ ನಿಜಗಾತ್ರದಲ್ಲೇ, ಮೂಡಿಸಿದಾಗ ಬೆಳಕು ಒಳಬರುವ ಲೆನ್ಸಿನ ಕಂಡಿಯಾದ ಅಪರ್ಚರನ್ನು ಎಫ್/8ಕ್ಕೆ ಕಿರಿದಾಗಿಸಿದರೂ ಸ್ಪಷ್ಟವಾಗಿ ಉಳಿಯುವ ಆಳ ಸುಮಾರು 1 ಮಿಲಿಮೀಟರ್ ಮಾತ್ರ, ಎಫ್/2.8ಕ್ಕೆ ತೆರೆದರೆ ಅದರ ಮೂರನೆಯ ಒಂದು ಪಾಲು. ಉಳಿದುದೆಲ್ಲ ಕರಗಿ ಬರಿಯ ಬಣ್ಣವಾಗುತ್ತದೆ. ಆ ಒಂದು ಮಿಲಿಮೀಟರು ಕೇಸರದ ತುದಿಗೆ ಸಲ್ಲಬೇಕೋ, ಎಸಳಂಚಿನ ಮಡಿಕೆಗೆ ಸಲ್ಲಬೇಕೋ ಎಂದು ತೀರ್ಮಾನಿಸುವಲ್ಲಿಯೇ ವ್ಯಾಖ್ಯಾನ ಶುರುವಾಗಿರುತ್ತದೆ.

ಬೇರೆ ಬೇರೆ ಆಳದಲ್ಲಿ ಫೋಕಸ್ ಮಾಡಿದ ಹಲವು ಚಿತ್ರಗಳನ್ನು ಬೆಸೆದು ಇಡೀ ಹೂವನ್ನು ಸ್ಪಷ್ಟಗೊಳಿಸುವ ಫೋಕಸ್ ಸ್ಟ್ಯಾಕಿಂಗ್ ಇಂದು ಸುಲಭವಾಗಿದೆ. ಸಸ್ಯವನ್ನು ಗುರುತಿಸಬೇಕಾದವರಿಗೆ ಅದು ವರದಾನ. ಆದರೆ ಎಲ್ಲವನ್ನೂ ಒಂದೇ ಗಟ್ಟಿದನಿಯಲ್ಲಿ ಹೇಳುವ ಚಿತ್ರದಲ್ಲಿ ಛಾಯಾಗ್ರಾಹಕರ ಒಲವು ಎತ್ತ ಇತ್ತೆಂಬುದು ತಿಳಿಯುವುದಿಲ್ಲ ಎಂಬುದು ನನ್ನ ಅನುಭವ.

ಉದ್ದೇಶ ಬದಲಾದಂತೆ ಚಿತ್ರ ಹೇಗೆ ಬದಲಾಗುತ್ತದೆ ಎಂಬುದನ್ನು ಹಳೆಯ ಕೃತಿಗಳಲ್ಲಿ ಕಾಣಬಹುದು. ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ ತಾವೇ ರೂಪಿಸಿಕೊಂಡ ಕ್ಯಾಮೆರಾದಿಂದ ಮೊಗ್ಗು, ಕುಡಿ, ಕಾಂಡಗಳನ್ನು 30 ಪಟ್ಟಿನವರೆಗೂ ಹಿಗ್ಗಿಸಿ, ಸಾದಾ ಹಿನ್ನೆಲೆಯಲ್ಲಿ, ಹದವಾದ ಬೆಳಕಿನಲ್ಲಿ ಚಿತ್ರಿಸಿದ್ದು ವಿನ್ಯಾಸದ ವಿದ್ಯಾರ್ಥಿಗಳಿಗೆ ಪ್ರಕೃತಿಯ ಆಕೃತಿಗಳನ್ನು ತೋರಿಸುವುದಕ್ಕಾಗಿ. ಅಮೆರಿಕದ ಇಮೊಜೆನ್ ಕನ್ನಿಂಗ್‌ಹ್ಯಾಮ್ ಅವರಾದರೋ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುತ್ತ ಮನೆಯಲ್ಲೇ ಇರಬೇಕಾಗಿದ್ದ ವರ್ಷಗಳಲ್ಲಿ ತಮ್ಮ ತೋಟದ ಗಿಡಗಳತ್ತ ತಿರುಗಿದವರು. 1925ರಲ್ಲಿ ಅವರು ಮ್ಯಾಗ್ನೋಲಿಯಾ ಹೂವನ್ನು ಚೌಕಟ್ಟು ತುಂಬುವಂತೆ ಚಿತ್ರಿಸಿದರು. ಅದೇ ವರ್ಷ ಎಸಳುಗಳನ್ನು ಬಹುಪಾಲು ಹೊರಗಿಟ್ಟು ನಡುವಣ ಕೇಸರಗಳ ಗೊಂಚಲನ್ನಷ್ಟೇ ತೆಗೆದು, ಅದಕ್ಕೆ ಆಭರಣಗಳ ಗೋಪುರ ಎಂಬ ಅರ್ಥದ ಹೆಸರಿಟ್ಟರು. ಮೊದಲನೆಯದರಲ್ಲಿ ಅದು ಹೂವು, ಎರಡನೆಯದರಲ್ಲಿ ಅದು ಕಟ್ಟಡ.

ಬೆಳಕಿನ ವಿಷಯದಲ್ಲಿ ನಾನು ಹೆಚ್ಚು ಹೊತ್ತು ಕಳೆಯುತ್ತೇನೆ, ಏಕೆಂದರೆ ಎಸಳು ಬೆಳಕನ್ನು ಪ್ರತಿಫಲಿಸುವುದಷ್ಟೇ ಅಲ್ಲ, ತನ್ನೊಳಗೆ ಹಾಯಲೂ ಬಿಡುತ್ತದೆ. ಹಿಂದಿನಿಂದ ಬರುವ ಬೆಳಕು ನರಗಳನ್ನೂ ಒಂದರ ಮೇಲೊಂದು ಬಿದ್ದ ಎಸಳುಗಳ ನೆರಳನ್ನೂ ಹೊರತಂದು ಹೂವನ್ನು ಹಗುರಗೊಳಿಸಿದರೆ, ಪಕ್ಕದಿಂದ ಓರೆಯಾಗಿ ಬೀಳುವ ಬೆಳಕು ಅದೇ ಹೂವಿಗೆ ಕಲ್ಲಿನ ಕೆತ್ತನೆಯ ತೂಕವನ್ನು ಕೊಡುತ್ತದೆ. ಬೆಳಕನ್ನು ಅಳೆಯುವ ಕ್ಯಾಮೆರಾದ ಮೀಟರಿಗೆ ಈ ಭೇದ ತಿಳಿಯದು. ಬಿಳಿಯ ಹೂವು ಚೌಕಟ್ಟು ತುಂಬಿದ್ದರೆ ಮೀಟರು ಬಿಳುಪನ್ನು ಬೂದುಬಣ್ಣಕ್ಕೆ ಇಳಿಸುತ್ತದೆ, ಆದ್ದರಿಂದ ಎಕ್ಸ್‌ಪೋಷರನ್ನು, ಅಂದರೆ ಒಳಬಿಡುವ ಬೆಳಕನ್ನು, ಒಂದು ಸ್ಟಾಪಿನಷ್ಟು (ಎರಡು ಪಟ್ಟು) ಹೆಚ್ಚಿಸಬೇಕಾಗುತ್ತದೆ. ಕಡುಗೆಂಪು ಹೂವಿನಲ್ಲಿ ಚಿತ್ರದ ಬೆಳಕು-ನೆರಳಿನ ಹಂಚಿಕೆಯನ್ನು ತೋರಿಸುವ ಒಟ್ಟು ಹಿಸ್ಟೋಗ್ರಾಮ್ ನಕ್ಷೆ ಸರಿಯಾಗಿಯೇ ಕಂಡರೂ, ಚಿತ್ರವನ್ನು ಕಟ್ಟುವ ಕೆಂಪು, ಹಸಿರು, ನೀಲಿ ಬಣ್ಣದ ಚಾನೆಲ್‌ಗಳಲ್ಲಿ ಕೆಂಪೊಂದೇ ತುಂಬಿಹೋಗಿ, ಎಸಳಿನ ಮೈಯ ಸೂಕ್ಷ್ಮಗಳೆಲ್ಲ ಒಂದೇ ಬಣ್ಣದ ತೇಪೆಯಾಗಿಬಿಡುತ್ತವೆ. ಮೂರೂ ಚಾನೆಲ್‌ಗಳನ್ನು ಬೇರೆ ಬೇರೆಯಾಗಿ ನೋಡುವ ಅಭ್ಯಾಸವಿಲ್ಲದೆ ನಾನೇ ಎಷ್ಟೋ ಒಳ್ಳೆಯ ಗುಲಾಬಿಗಳನ್ನು ಕಳೆದುಕೊಂಡಿದ್ದೇನೆ.

ತಾಜಾ ಹೂವೇ ಬೇಕೆಂಬ ಹಟ ಈಗ ನನಗಿಲ್ಲ. ಕೊಯ್ದ ಟ್ಯುಲಿಪ್‌ನ ತೊಟ್ಟು ಹೂದಾನಿಯ ನೀರಿನಲ್ಲಿಯೂ ಬೆಳೆಯುತ್ತ ಬೆಳಕಿನತ್ತ ಬಾಗುತ್ತದೆ. ಒಮ್ಮೆ, ಅರಳಿದ ಟ್ಯುಲಿಪ್ ಒಂದನ್ನೇ ಮೂರು ದಿನ ಚಿತ್ರಿಸಿ, ಎಲ್ಲವೂ ಅಂದವಾಗಿದ್ದರೂ ಒಂದರಲ್ಲಿಯೂ ಜೀವವಿಲ್ಲವೆಂದು ಕೊರಗುತ್ತಿದ್ದೆ. ನಾಲ್ಕನೆಯ ದಿನ ಎಸಳುಗಳು ಸಡಿಲಗೊಂಡು ತೊಟ್ಟು ಕಿಟಕಿಯ ಕಡೆಗೆ ವಾಲಿತ್ತು. ಅಂದು ಅಪರ್ಚರನ್ನು ಪೂರ್ತಿ ತೆರೆದು, ಫೋಕಸನ್ನು ಹೂವಿನಿಂದ ತೆಗೆದು ತೊಟ್ಟಿನ ಆ ಬಾಗುವಿಕೆಯ ಮೇಲೆ ಇಟ್ಟೆ. ಹೂವು ಮೇಲೆಲ್ಲೋ ಒಂದು ಕೆಂಪು ಮಬ್ಬಾಗಿ ನಿಂತಿತು, ಬೆಳಕಿನತ್ತ ಅದರ ತವಕವೊಂದೇ ಸ್ಪಷ್ಟವಾಗಿ ಉಳಿಯಿತು.