ನೈತಿಕತೆಯ ಬುನಾದಿ: ಲೌಕಿಕ ನೋಟ, ಕ್ರೈಸ್ತ ನೋಟ

ಕೋಲಾರದ ಟೊಮೆಟೊ ಮಂಡಿಯಲ್ಲಿ ಬಾಕ್ಸ್ ಕೊಳ್ಳುವವನು ‘ಧರ್ಮವಾಗಿ ಹೇಳಪ್ಪ, ತಳದಲ್ಲೂ ಇದೇ ಹಣ್ಣು ಇದೆಯಾ?’ ಎಂದು ಕೇಳಿದರೆ, ಕೇಳಿದ್ದು ನ್ಯಾಯದ ಮಾತು, ಮತದ ಮಾತಲ್ಲ ಎಂದು ರೈತನಿಗೆ ಗೊತ್ತು. ಅದೇ ‘ಧರ್ಮ’ ಶಾಲೆಯ ಅರ್ಜಿಯಲ್ಲಿ ಬಂದರೆ ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ಬರೆಯುತ್ತೇವೆ. ಒಂದೇ ಪದ ಈ ಎರಡೂ ಹೊರೆ ಹೊತ್ತಿರುವುದರಿಂದ, ‘ಧರ್ಮದ ಆಸರೆಯಿಲ್ಲದ ನೀತಿ’ ಎಂದರೆ ಕನ್ನಡದ ಕಿವಿಗೆ ಉಪ್ಪಿಲ್ಲದ ಉಪ್ಪಿನಕಾಯಿ ಎಂದಂತೆ ಕೇಳಿಸುತ್ತದೆ. ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದೇ.

‘ಸೆಕ್ಯುಲರ್’ ಪದಕ್ಕೆ ನಾವು ಸಾಮಾನ್ಯವಾಗಿ ಬಳಸುವ ‘ಜಾತ್ಯತೀತ’ ಇಲ್ಲಿ ಹೊಂದುವುದಿಲ್ಲ. ಅದು 1976ರ 42ನೇ ತಿದ್ದುಪಡಿಯಿಂದ ಸಂವಿಧಾನದ ಪೀಠಿಕೆಗೆ ಬಂದ ಗುಣ; ಸರ್ಕಾರ ಹೇಗಿರಬೇಕು ಎಂಬುದನ್ನು ಹೇಳುತ್ತದೆ. ನೀತಿಯ ಚರ್ಚೆಗೆ ‘ಲೌಕಿಕ’ ವಾಸಿ. ದೇವರಿದ್ದಾನೆ ಎಂಬುದನ್ನು ಆಧಾರವಾಗಿ ಹಿಡಿಯದೆ ಸರಿ ತಪ್ಪನ್ನು ವಿವರಿಸುವ ಕ್ರಮ ಲೌಕಿಕ. ಹಾಗೆಂದು ಅದು ನಾಸ್ತಿಕರ ಸ್ವತ್ತಲ್ಲ. ಬುದ್ಧಿಯೊಂದರಿಂದಲೇ ಕರ್ತವ್ಯಕ್ಕೆ ನೆಲೆ ಕೊಡಲು ಹೊರಟ 18ನೇ ಶತಮಾನದ ಜರ್ಮನ್ ತತ್ತ್ವಜ್ಞಾನಿ ಕಾಂಟ್ ದೇವರನ್ನು ತಳ್ಳಿಹಾಕಿದವನಲ್ಲ.

ಇನ್ನು ‘ಬುನಾದಿ’. ಈ ಒಂದು ಪದದೊಳಗೆ ಮೂರು ಪ್ರಶ್ನೆಗಳು ಅಡಗಿವೆ. ಸರಿ ಯಾವುದೆಂದು ನಮಗೆ ತಿಳಿಯುವುದು ಹೇಗೆ? ಅದು ಸರಿಯಾಗಿರುವುದು ಯಾವುದರ ಬಲದಿಂದ? ತಿಳಿದ ಮೇಲೆ ಹಾಗೆ ನಡೆಯುವಂತೆ ನಮ್ಮನ್ನು ನೂಕುವುದು ಏನು? ಈ ವಿಷಯದ ಜಗಳಗಳಲ್ಲಿ ಮುಕ್ಕಾಲು ಪಾಲು ಈ ಮೂರನ್ನು ಕಲಸಿದ್ದರಿಂದಲೇ ಹುಟ್ಟುತ್ತವೆ.

‘ದೇವರನ್ನು ನಂಬದವನಿಗೆ ನೀತಿಯೇ ಇರದು’ ಎಂಬ ಮಾತನ್ನೇ ನೋಡಿ. ಇದನ್ನು ಕ್ರೈಸ್ತ ನಿಲುವು ಎಂದು ಹೇಳುವವರು ಬೈಬಲ್ಲನ್ನೇ ಮೀರುತ್ತಿದ್ದಾರೆ. ಧರ್ಮಶಾಸ್ತ್ರ (ಮೋಶೆಯ ಮೂಲಕ ಯೆಹೂದ್ಯರಿಗೆ ಬಂದ ದೇವರ ಕಟ್ಟಳೆ) ಕೈಗೆ ಬಾರದ ಜನರೂ ಅದರ ಕಟ್ಟಳೆಯನ್ನು ಸಹಜವಾಗಿ ನಡೆಸುತ್ತಾರೆ, ಅದು ಅವರ ಹೃದಯದಲ್ಲಿ ಬರೆದಿದೆ, ಮನಸ್ಸಾಕ್ಷಿ ಅದಕ್ಕೆ ಸಾಕ್ಷಿ ಎಂದು ಯೇಸುವಿನ ಸಂದೇಶ ಸಾರಿದ ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ (2:14-15) ಹೇಳುತ್ತಾನೆ. 13ನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಕಟ್ಟಿದ ‘ನಿಸರ್ಗ ನಿಯಮ’ದ ವಾದವೂ ಇದೇ ದಾರಿಯದು: ಒಳ್ಳೆಯದನ್ನು ಮಾಡಬೇಕು, ಕೆಟ್ಟದ್ದನ್ನು ಬಿಡಬೇಕು ಎಂಬ ಮೊದಲ ಸೂತ್ರ ಯಾರ ಬುದ್ಧಿಗೂ ಎಟುಕುತ್ತದೆ. ನಡೆಯಲ್ಲೂ ಎರಡು ಕಡೆಯ ಒಳ್ಳೆಯವರು ಕಾಣುತ್ತಾರೆ. ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆಯನ್ನು ಕಟ್ಟಿದ್ದು ಕ್ರೈಸ್ತರ ಮೆಥೊಡಿಸ್ಟ್ ಮಿಷನ್. ಗೌರಿಬಿದನೂರು ಸೀಮೆಯ ಹೊಸೂರಿನವರಾದ ಎಚ್. ನರಸಿಂಹಯ್ಯನವರು ಬೆಂಗಳೂರು ವಿ.ವಿ. ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದ ವಿಚಾರವಾದಿ. ತಮ್ಮ ಊರ ಕಡೆ ಕಾಲೇಜುಗಳನ್ನು ತೆರೆದು ಕೊನೆಯವರೆಗೂ ಸರಳವಾಗಿ ಬಾಳಿದರು. ಮೊದಲನೆಯ ಹಾಗೂ ಮೂರನೆಯ ಪ್ರಶ್ನೆಗಳ ಮಟ್ಟಿಗೆ ಎರಡು ಪಕ್ಷಕ್ಕೂ ಜನ ಸಿಗುತ್ತಾರೆ. ನಿಜವಾದ ಭಿನ್ನಮತ ಇರುವುದು ಎರಡನೆಯದರಲ್ಲಿ.

ಮತ್ತೆ ಮಂಡಿಗೆ ಬರೋಣ. 15 ಕೆ.ಜಿ. ಬಾಕ್ಸಿನ ತಳದಲ್ಲಿ ಕೊಳೆತ ಹಣ್ಣು, ಮೇಲೆ ಎರಡು ಪದರ ಕೆಂಪು ಹಣ್ಣು. ಇದು ಏಕೆ ತಪ್ಪು?

ಕ್ರೈಸ್ತ ಉತ್ತರದಲ್ಲಿ ಕೊಳ್ಳುವವನು ದೇವರ ಸ್ವರೂಪದಲ್ಲಿ ಉಂಟಾದವನು (ಬೈಬಲ್ಲಿನ ಆದಿಕಾಂಡ 1:27). ಅವನಿಗೆ ಮಾಡಿದ ಮೋಸ ಅವನನ್ನು ಉಂಟುಮಾಡಿದವನಿಗೂ ಮುಟ್ಟುತ್ತದೆ. ಯಾಜಕಕಾಂಡ 19:35-36 ಅಳತೆ ತೂಕದಲ್ಲಿ ಮೋಸ ಬೇಡ ಎಂದು ಹೇಳಿ ಸುಮ್ಮನಾಗುವುದಿಲ್ಲ. ನಿಮ್ಮನ್ನು ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ಬಿಡಿಸಿದವನು ನಾನು ಎಂಬ ಕಾರಣವನ್ನೂ ಸೇರಿಸುತ್ತದೆ. ಅಲ್ಲಿ ನೀತಿ ಬರಿಯ ಆಜ್ಞೆಯಲ್ಲ, ಬಿಡುಗಡೆ ಪಡೆದವರು ತೀರಿಸುವ ಋಣ. ಈ ಎಳೆಯನ್ನು ಬಿಟ್ಟು ಕ್ರೈಸ್ತ ನೀತಿಯನ್ನು ನರಕದ ಭಯಕ್ಕೆ ಇಳಿಸಿದರೆ ಅರ್ಥ ಪೂರಾ ಕೆಡುತ್ತದೆ.

ಲೌಕಿಕರು ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಇಂಗ್ಲೆಂಡಿನ ಚಿಂತಕ ಬೆಂಥಮ್ (1789; ಇಲ್ಲಿನ ಇಸವಿಗಳು ಅವರವರ ಪುಸ್ತಕ ಬಂದವು) ಜಾಡಿನವರು ಸುಖದುಃಖಗಳ ಲೆಕ್ಕ ಹಾಕುತ್ತಾರೆ: ಕೊಂಡವನಿಗೆ ನಷ್ಟ, ಮಂಡಿಯಲ್ಲಿ ನಂಬಿಕೆ ಕುಸಿದು ಉಳಿದ ರೈತರಿಗೂ ದರ ಇಳಿತ. ಕಾಂಟ್ (1785) ಫಲವನ್ನು ನೋಡುವುದೇ ಇಲ್ಲ. ಎಲ್ಲರೂ ಹೀಗೇ ತುಂಬಿದರೆ ಮೇಲಿನ ಪದರವನ್ನು ಯಾರೂ ನಂಬುವುದಿಲ್ಲ, ಮೋಸವೇ ನಡೆಯದು. ಉಳಿದವರ ಪ್ರಾಮಾಣಿಕತೆಯ ಮೇಲೆ ಸವಾರಿ ಮಾಡುವುದೇ ಇಲ್ಲಿನ ತಪ್ಪು. ಅಮೆರಿಕದ ಚಿಂತಕ ರಾಲ್ಸ್ (1971) ಕೇಳುವುದು ಬೇರೆ: ನೀವು ರೈತರೋ, ಹಮಾಲಿಯೋ, ವ್ಯಾಪಾರಿಯೋ ಎಂದು ನಿಮಗೇ ಗೊತ್ತಿಲ್ಲದಿದ್ದರೆ ಎಂಥ ನಿಯಮಕ್ಕೆ ಒಪ್ಪುತ್ತೀರಿ?

ತೀರ್ಪು ಎಲ್ಲರದೂ ಒಂದೇ. ಹಾಗಿದ್ದರೆ ಬುನಾದಿಯ ಗೊಡವೆ ಏಕೆ ಎನ್ನಿಸಬಹುದು. ಆದರೆ ಲಾರಿ ಹೊರರಾಜ್ಯಕ್ಕೆ ಹೋಗುತ್ತದೆ, ಬಾಕ್ಸ್ ಯಾರದೆಂದು ಎಂದೂ ತಿಳಿಯುವುದಿಲ್ಲ ಎಂದುಕೊಳ್ಳಿ. ನಂಬಿಕೆ ಕುಸಿಯುವ ಲೆಕ್ಕ ಆಗ ಸಡಿಲವಾಗುತ್ತದೆ. ಕಾಂಟನ ವಾದವೂ ಕ್ರೈಸ್ತ ವಾದವೂ ಅಲುಗುವುದಿಲ್ಲ.

ಕ್ರೈಸ್ತ ವಾದಕ್ಕೆ ಪೆಟ್ಟು ಬೀಳುವುದು ಬೇರೆ ಕಡೆ. ಪ್ರಾಚೀನ ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋವಿನ ‘ಯೂಥಿಫ್ರೋ’ ಸಂವಾದದ ಪ್ರಶ್ನೆಯನ್ನು ಇಲ್ಲಿಗೆ ತಂದರೆ ಹೀಗಾಗುತ್ತದೆ: ದೇವರು ಹೇಳಿದ್ದರಿಂದ ಅದು ಒಳ್ಳೆಯದೋ, ಒಳ್ಳೆಯದಾದ್ದರಿಂದ ದೇವರು ಹೇಳಿದನೋ? ಮೊದಲನೆಯದನ್ನು ಹಿಡಿದರೆ ಕ್ರೌರ್ಯವನ್ನು ಆಜ್ಞಾಪಿಸಿದರೆ ಅದೂ ಒಳ್ಳೆಯದಾಗಬೇಕು. ಎರಡನೆಯದನ್ನು ಹಿಡಿದರೆ ಒಳಿತು ದೇವರಿಗಿಂತ ಮೊದಲೇ ನಿಂತಿದೆ. ಹಲವು ಕ್ರೈಸ್ತ ಚಿಂತಕರು ಎರಡನ್ನೂ ಬಿಟ್ಟು, ದೇವರ ಸ್ವಭಾವವೇ ಒಳಿತು, ಆಜ್ಞೆ ಆ ಸ್ವಭಾವದಿಂದ ಹೊರಡುತ್ತದೆ ಎನ್ನುತ್ತಾರೆ. ಈ ಉತ್ತರ ಗಟ್ಟಿಯೇ. ಆದರೂ ಆ ಸ್ವಭಾವ ಒಳ್ಳೆಯದೆಂದು ಯಾವ ಅಳತೆಗೋಲಿನಿಂದ ಹೇಳುತ್ತೀರಿ ಎಂಬ ಮರುಪ್ರಶ್ನೆ ಉಳಿಯುತ್ತದೆ.

ಲೌಕಿಕ ಕಡೆಯ ಹಳೆಯ ತೊಡಕನ್ನು ತೋರಿಸಿದವನು 18ನೇ ಶತಮಾನದ ಸ್ಕಾಟ್ಲೆಂಡಿನ ಚಿಂತಕ ಹ್ಯೂಮ್. ‘ಹೀಗಿದೆ’ ಎಂಬುದರಿಂದ ‘ಹೀಗಿರಬೇಕು’ ಎಂಬುದು ತಾನಾಗಿ ಬರುವುದಿಲ್ಲ. ಪರಸ್ಪರ ನೆರವು ನೀಡುವ ಗುಣ ವಿಕಾಸದಿಂದ ಬಂತು ಎನ್ನುವುದು ಅದು ಹುಟ್ಟಿದ ಬಗೆಯನ್ನು ಹೇಳುತ್ತದೆ. ನಾವು ಏಕೆ ನೆರವಾಗಬೇಕು ಎಂಬುದನ್ನಲ್ಲ. ಸೇಡಿನ ಗುಣವೂ ಅದೇ ದಾರಿಯಲ್ಲಿ ಬಂದಿರಬಹುದಲ್ಲವೇ.

ಇನ್ನೂ ಕಠಿಣವಾದದ್ದು ಹಸುಗೂಸಿನ, ಬುದ್ಧಿಮಾಂದ್ಯತೆ ತೀವ್ರವಾಗಿರುವವರ ಪ್ರಶ್ನೆ. ಮನುಷ್ಯನ ಘನತೆಗೆ ವಿವೇಚನೆಯೇ ಕಾರಣ ಎಂದ ಕಾಂಟನ ಜಾಡಿನಲ್ಲಿ ಇವರಿಗೆ ಜಾಗ ಕೊಡಲು ತುಂಬ ತಿಣುಕಬೇಕು. ಈ ಜೀವ ನೋವು ತಿನ್ನಬಲ್ಲದೇ ಎಂದು ಕೇಳುವ ಬೆಂಥಮ್ ಇಲ್ಲಿ ಹೆಚ್ಚು ಉದಾರಿ, ಪ್ರಾಣಿಗಳನ್ನೂ ಒಳಗೆ ಕರೆಯುತ್ತಾನೆ. ದೇವರ ಸ್ವರೂಪ ಎಂಬುದನ್ನು ಸಾಮರ್ಥ್ಯಕ್ಕೆ ಕಟ್ಟದೆ ಓದುವ ಕ್ರೈಸ್ತರು ಯಾರನ್ನೂ ಹೊರಗೆ ಬಿಡುವುದಿಲ್ಲ. ಕ್ರೈಸ್ತ ನೋಟದ ದೊಡ್ಡ ಬಲ ಇದು ಎಂದು ಒಪ್ಪಲೇಬೇಕು. ಒಪ್ಪಿದ ಮೇಲೆ ಇನ್ನೊಂದನ್ನೂ ಹೇಳಬೇಕು: ಇದೇ ವಾಕ್ಯ ಕೈಯಲ್ಲಿದ್ದ ಜನ ಶತಮಾನಗಳ ಕಾಲ ಗುಲಾಮರನ್ನು ಇಟ್ಟುಕೊಂಡಿದ್ದರು, ಅದಕ್ಕೆ ಬೈಬಲ್ಲಿನಿಂದಲೇ ಆಧಾರ ತೋರಿಸಿದರು. 1807ರಲ್ಲಿ ಬ್ರಿಟಿಷ್ ಸಂಸತ್ತು ಗುಲಾಮರ ವ್ಯಾಪಾರ ನಿಲ್ಲಿಸುವಂತೆ ವರ್ಷಗಟ್ಟಲೆ ಹೋರಾಡಿದ ಸಂಸದ ವಿಲ್ಬರ್‌ಫೋರ್ಸ್ ಓದುತ್ತಿದ್ದದ್ದೂ ಅದೇ ಬೈಬಲ್ಲು.