ವಿಂಡೋಸ್ ಬಿಟ್ಟು ಲಿನಕ್ಸಿಗೆ ಹೋಗುವ ಮುನ್ನ: ಹಳೆಯ ನುಡಿ ಫೈಲುಗಳನ್ನು ನೋಡಿಕೊಳ್ಳಿ

ಮನೆಯ ಡೆಸ್ಕ್‌ಟಾಪು ಇಂಟೆಲ್‌ನ ಆರನೇ ತಲೆಮಾರಿನದೋ ಅದಕ್ಕೂ ಹಳೆಯದೋ ಆಗಿದ್ದರೆ ವಿಂಡೋಸಿನಲ್ಲೇ ಇರುವುದೋ, ಉಚಿತವಾಗಿ ಸಿಗುವ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಗೆ ಹೋಗುವುದೋ ಎಂಬ ಪ್ರಶ್ನೆ ತಪ್ಪಿದ್ದಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಇದ್ದರಷ್ಟೇ ಸಾಲದು; ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಪ್ರೊಸೆಸರು ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನದಾಗಿರಬೇಕು. ಅದೇ ಹಳೆಯ ಡಬ್ಬದಲ್ಲಿ ಲಿನಕ್ಸ್ ಮಿಂಟ್ 22 ನಡೆಯುತ್ತದೆ. ಅದು ಕೇಳುವುದು ಕನಿಷ್ಠ 2 ಜಿಬಿ ರ‍್ಯಾಮ್, ಆರಾಮವಾಗಿ ಬಳಸಲು 4 ಜಿಬಿ. ಭದ್ರತಾ ಅಪ್‌ಡೇಟು 2029ರವರೆಗೆ ಬರುತ್ತದೆ.

ಲೈಸೆನ್ಸಿನ ವಿಚಾರ ಚಿಕ್ಕದು. ಕಂಪ್ಯೂಟರಿನ ಜೊತೆಗೇ ಬಂದ ಒಇಎಂ ವಿಂಡೋಸ್ ಆ ಮದರ್‌ಬೋರ್ಡಿಗೆ ಕಟ್ಟುಬಿದ್ದಿರುತ್ತದೆ, ಇನ್ನೊಂದು ಯಂತ್ರಕ್ಕೆ ಒಯ್ಯಲಾಗದು. ಮಿಂಟ್, ಉಬುಂಟುವಿನಂಥ ಲಿನಕ್ಸ್ ಬಗೆಗಳನ್ನು ಎಷ್ಟು ಯಂತ್ರಕ್ಕೆ ಬೇಕಾದರೂ ಹಾಕಬಹುದು, ಹಂಚಬಹುದು. ಬ್ರೌಸರು, ಯೂಟ್ಯೂಬು, ಮಕ್ಕಳ ಆನ್‌ಲೈನ್ ಪಾಠ, ಪತ್ರ ಬರೆಯುವುದು ಇಷ್ಟೇ ಮನೆಯ ಕೆಲಸವಾದರೆ ವಿಂಡೋಸಿಗೂ ಲಿನಕ್ಸಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಒಂದು ಕಡೆ ಮಾತ್ರ ಚರ್ಚೆಯೇ ಬೇಡ. ಮನೆಯವರು ದಾವಣಗೆರೆ ಎಪಿಎಂಸಿಯಲ್ಲಿ ದಲಾಲಿ ಅಂಗಡಿ ಇಟ್ಟು, ಮೆಕ್ಕೆಜೋಳದ ಲೆಕ್ಕವನ್ನು ಮನೆಯ ಕಂಪ್ಯೂಟರಿನ ಟ್ಯಾಲಿಯಲ್ಲಿ ಬರೆಯುತ್ತಿದ್ದರೆ ವಿಂಡೋಸೇ ಇರಲಿ. ಟ್ಯಾಲಿ ವಿಂಡೋಸಿಗೆ ಮಾಡಿದ ತಂತ್ರಾಂಶ. ಲಿನಕ್ಸಿನಲ್ಲಿ ವಿಂಡೋಸ್ ತಂತ್ರಾಂಶ ನಡೆಸುವ ವೈನ್ ಹಾಕಿ ಓಡಿಸಲು ಹೊರಟು ವರ್ಷದ ಲೆಕ್ಕವನ್ನು ಪಣಕ್ಕಿಡಬಾರದು.

ನುಡಿ ಫೈಲು ಕೆಡುವುದು ಏಕೆ

ಎಲ್ಲರೂ ಎಡವುವುದು ಇಲ್ಲೇ. ಲಗ್ನಪತ್ರಿಕೆ, ಸಂಘದ ಠರಾವು, ಹಳೆಯ ಅರ್ಜಿ ಇವನ್ನು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪು ಮಾಡಿಟ್ಟಿರುತ್ತಾರೆ. ಲಿನಕ್ಸಿನಲ್ಲಿ ತೆರೆದರೆ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು. "ಲಿನಕ್ಸಿಗೆ ಕನ್ನಡ ಬರಲ್ಲ" ಎಂಬ ಮಾತು ಹುಟ್ಟುವುದು ಆಗಲೇ. ಆ ಮಾತು ತಪ್ಪು. ಆ ಫೈಲಿನೊಳಗೆ ಮೊದಲಿನಿಂದಲೂ ಕನ್ನಡ ಇರಲೇ ಇಲ್ಲ.

"ಕನ್ನಡ" ಎಂಬ ಒಂದೇ ಪದವನ್ನು ಬಿಚ್ಚಿ ನೋಡಿ. ಹಳೆಯ ನುಡಿಯ ಆಸ್ಕಿ (ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತದಲ್ಲೇ ಬರೆದಿಡುವ ಹಳೆಯ ಪದ್ಧತಿ) ಫೈಲಿನಲ್ಲಿ "ಕ" ಅಂದರೆ ಇಂಗ್ಲಿಷಿನ ದೊಡ್ಡ ಪಿ, ಅದರ ಪಕ್ಕ ತಲೆಯ ಮೇಲೆ ಓರೆಗೆರೆ ಇರುವ ಎ. "ನ" ಅಂದರೆ ಪೌಂಡ್ ಚಿಹ್ನೆ, ಮತ್ತೆ ಅದೇ ಎ. ನ ಒತ್ತಿಗೆ ಜರ್ಮನ್ ಭಾಷೆಯ ಒಂದು ಅಕ್ಷರ. "ಡ" ಅಂದರೆ ಸಣ್ಣ ಕ್ಯೂ, ಮತ್ತೆ ಅದೇ ಎ. ಒಟ್ಟು ಏಳು ಸಂಕೇತ, ಒಂದೂ ಕನ್ನಡದ್ದಲ್ಲ. ನುಡಿ ಫಾಂಟು ಈ ಏಳಕ್ಕೂ ಕನ್ನಡದ ವೇಷ ಹಾಕುತ್ತದೆ. ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚುತ್ತದೆ. ಅದು ಹೊಸ ವಿಂಡೋಸ್ ಆದರೂ ಅಷ್ಟೇ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯುನಿಕೋಡಿನಲ್ಲಿ ಇದೇ ಪದ ಕ, ನ, ಹಲಂತ, ನ, ಡ ಎಂಬ ಐದು ಸಂಕೇತ, ಐದೂ ಕನ್ನಡದವೇ. ಯಾವ ಕನ್ನಡ ಫಾಂಟಾದರೂ ತೋರಿಸುತ್ತದೆ.

ನಿಮ್ಮ ಫೈಲು ಯಾವ ಬಗೆಯದು? ವಿಂಡೋಸಿನಲ್ಲೇ ತೆರೆದು, ಒಂದು ಸಾಲು ಆರಿಸಿ, ಫಾಂಟನ್ನು ಏರಿಯಲ್‌ಗೆ ಬದಲಿಸಿ. ಕನ್ನಡ ಉಳಿದರೆ ಯುನಿಕೋಡ್, ಗೋಜಲಾದರೆ ಆಸ್ಕಿ. ಲಿನಕ್ಸಿನ ಲಿಬ್ರೆ ಆಫೀಸಿನಲ್ಲಾದರೆ ಮೇಲಿನ ಫಾಂಟ್ ಪೆಟ್ಟಿಗೆ ನೋಡಿ. ಹೆಸರು ಓರೆ ಅಕ್ಷರದಲ್ಲಿದ್ದರೆ ಆ ಫಾಂಟು ಯಂತ್ರದಲ್ಲಿ ಇಲ್ಲ ಎಂದರ್ಥ.

ಪರಿಹಾರ ಎರಡು. ಓದಿದರೆ, ಪ್ರಿಂಟು ತೆಗೆದರೆ ಸಾಕು ಅನ್ನುವವರು ಹಳೆಯ ಯಂತ್ರದ ನುಡಿ ಫಾಂಟ್ ಫೈಲನ್ನು ಪೆನ್‌ಡ್ರೈವಿನಲ್ಲಿ ತಂದು, ಲಿನಕ್ಸಿನಲ್ಲಿ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಲಿ. ಅಕ್ಷರ ಬರುತ್ತದೆ. ಆದರೆ ಹುಡುಕಿದರೆ ಪದ ಸಿಗುವುದಿಲ್ಲ, ವಾಟ್ಸಾಪಿಗೆ ಅಂಟಿಸಿದರೆ ಮತ್ತೆ ಗೋಜಲು. ಮುಂದೆಯೂ ಬಳಸುವ ಫೈಲಾದರೆ ಯುನಿಕೋಡಿಗೆ ತಿರುಗಿಸಲೇಬೇಕು. ಆ ಕೆಲಸವನ್ನು ವಿಂಡೋಸ್ ಅಳಿಸುವ ಮುಂಚೆ, ನುಡಿಯ ಜೊತೆ ಬರುವ ಪರಿವರ್ತಕದಲ್ಲೇ ಮುಗಿಸಿ. ಮೂಲ ಫೈಲಿನ ಪ್ರತಿ ಬೇರೆಡೆ ಇರಲಿ.

ತಿರುಗಿಸಿದ ಮೇಲೆ ಕಣ್ಣಿಟ್ಟು ನೋಡಬೇಕಾದ್ದು ಎರಡು. ಮೊದಲನೆಯದು ಅರ್ಕಾವತ್ತು. ಆಸ್ಕಿಯಲ್ಲಿ "ಅರ್ಥ" ಪದ ಕಣ್ಣಿಗೆ ಕಂಡ ಕ್ರಮದಲ್ಲೇ ಇರುತ್ತದೆ: ಅ, ಥ, ಕೊನೆಗೆ ಅರ್ಕಾವತ್ತು. ಯುನಿಕೋಡಿನಲ್ಲಿ ಉಚ್ಚಾರದ ಕ್ರಮ: ಅ, ರ, ಹಲಂತ, ಥ. ಪರಿವರ್ತಕ ಈ ಸ್ಥಾನ ಬದಲಿಸದಿದ್ದರೆ ಧರ್ಮ, ಕಾರ್ಯ, ವರ್ಷ ಎಲ್ಲ ಕೆಡುತ್ತವೆ. ಎರಡನೆಯದು ನಡುವೆ ಬಂದ ಇಂಗ್ಲಿಷ್ ಪದ. ಬರಿಯ ಪಠ್ಯವಾಗಿ ತಿರುಗಿಸುವಾಗ ಪಿ ಅಕ್ಷರ ನಿಜವಾದ ಪಿಯೋ, "ಕ"ದ ಅರ್ಧವೋ ಎಂದು ತಂತ್ರಾಂಶಕ್ಕೆ ತಿಳಿಯುವುದಿಲ್ಲ. ಇಮೇಲ್ ವಿಳಾಸ, ವಾಹನದ ನಂಬರು ಅರ್ಥವಿಲ್ಲದ ಕನ್ನಡವಾಗುತ್ತವೆ. ಅವನ್ನು ಮೂಲ ನೋಡಿ ಕೈಯಿಂದಲೇ ತಿದ್ದಬೇಕು.

ಟೈಪಿಂಗ್ ಅಭ್ಯಾಸ ಬದಲಿಸಬೇಕಿಲ್ಲ. ಮಿಂಟ್‌ನ ಕೀಬೋರ್ಡ್ ಸೆಟ್ಟಿಂಗಿನಲ್ಲಿ ಲೇಔಟ್ಸ್‌ಗೆ ಹೋಗಿ, ಪ್ಲಸ್ ಒತ್ತಿ, ಕನ್ನಡದ ಅಡಿಯಲ್ಲಿ ಕಗಪ ಎಂದಿರುವುದನ್ನು ಸೇರಿಸಿ. ನುಡಿಯ ಕೀಲಿಗಳಿಗೆ ಒಗ್ಗಿದ ಬೆರಳು ಇಲ್ಲೂ ಓಡುತ್ತದೆ.

ಹಾಕುವ ಮುನ್ನ

8 ಜಿಬಿ ಪೆನ್‌ಡ್ರೈವಿಗೆ ರೂಫಸ್ ಎಂಬ ವಿಂಡೋಸ್ ತಂತ್ರಾಂಶದಿಂದ ಮಿಂಟ್ ಬರೆದು, ಅದರಿಂದಲೇ ಬೂಟ್ ಮಾಡಿ. ಇನ್‌ಸ್ಟಾಲ್ ಒತ್ತುವ ತನಕ ಹಾರ್ಡ್‌ಡಿಸ್ಕಿಗೆ ಏನೂ ಆಗುವುದಿಲ್ಲ. ವೈಫೈ, ಧ್ವನಿ, ಪ್ರಿಂಟರು ಮೂರನ್ನೂ ಅಲ್ಲೇ ಪರೀಕ್ಷಿಸಿ. ಎಚ್‌ಪಿಯ ಬಹುತೇಕ ಪ್ರಿಂಟರುಗಳು ಸಲೀಸು. ಕ್ಯಾನನ್ ಎಲ್‌ಬಿಪಿ 2900ಕ್ಕೆ ಕ್ಯಾಪ್ಟ್ ಎಂಬ ಪ್ರತ್ಯೇಕ ಡ್ರೈವರ್ ಬೇಕು, ಅದನ್ನು ಕೂರಿಸುವುದು ಹೊಸಬರಿಗೆ ಕಷ್ಟ.

ವಿಂಡೋಸ್, ಲಿನಕ್ಸ್ ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳುವವರು ವಿಂಡೋಸಿನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆದುಹಾಕಬೇಕು. ಅದು ಇದ್ದರೆ ಶಟ್‌ಡೌನ್ ಪೂರ್ತಿ ಆಗುವುದಿಲ್ಲ; ಲಿನಕ್ಸಿನಿಂದ ವಿಂಡೋಸ್ ಡ್ರೈವು ಓದಲು ಸಿಕ್ಕರೂ ಬರೆಯಲು ಬಿಡದೆ ಇರಬಹುದು. ಬಿಟ್‌ಲಾಕರ್ ಎಂಬ ವಿಂಡೋಸಿನ ಡಿಸ್ಕ್ ಬೀಗ ಚಾಲೂ ಇದ್ದರೆ ರಿಕವರಿ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಾದರೆ ಕರೆಂಟು ಹೋಗುವ ಹೊತ್ತಿನಲ್ಲಿ ಡಿಸ್ಕನ್ನು ಪಾಲು ಮಾಡುವ ಪಾರ್ಟಿಷನ್ ಕೆಲಸಕ್ಕೆ ಕೈಹಾಕಬೇಡಿ: ಅರ್ಧಕ್ಕೆ ನಿಂತರೆ ಎರಡೂ ವ್ಯವಸ್ಥೆ ಬೂಟ್ ಆಗದೆ ಹೋಗಬಹುದು.