ಡೌನ್‌ಲೋಡ್ಸ್ ಫೋಲ್ಡರ್ ಡಿ ಡ್ರೈವ್‌ಗೆ ಹಾಕಿದೆ, ಈಗ ಇಡೀ ಡಿ ಡ್ರೈವೇ ಡೌನ್‌ಲೋಡ್ಸ್ ಆಗಿದೆ. ಏನು ಮಾಡಲಿ?

ಓದುಗರ ಪ್ರಶ್ನೆ: ಸರ್, ಲ್ಯಾಪ್‌ಟಾಪಿನ ಸಿ ಡ್ರೈವ್ ತುಂಬಿ ಕೆಂಪು ಪಟ್ಟಿ ಬಂದಿತ್ತು. ಜಾಗ ಮಾಡೋಣ ಅಂತ ಡೌನ್‌ಲೋಡ್ಸ್ ಫೋಲ್ಡರಿನ ಪ್ರಾಪರ್ಟೀಸ್‌ಗೆ ಹೋಗಿ, ಲೊಕೇಶನ್ ಟ್ಯಾಬಿನಲ್ಲಿ ಡಿ ಡ್ರೈವ್ ಆರಿಸಿ ಓಕೆ ಒತ್ತಿದೆ. ಈಗ ಡಿ ಡ್ರೈವಿನ ಹೆಸರೇ ಡೌನ್‌ಲೋಡ್ಸ್ ಎಂದು ಬರುತ್ತಿದೆ. ಡೌನ್‌ಲೋಡ್ಸ್ ತೆರೆದರೆ ಆಫೀಸಿನ ಫೈಲು, ಮಗಳ ನಾಮಕರಣದ ಫೋಟೋ ಎಲ್ಲ ಅದರೊಳಗೇ ಇವೆ. ಮತ್ತೆ ಪ್ರಾಪರ್ಟೀಸ್ ನೋಡಿದರೆ ಲೊಕೇಶನ್ ಟ್ಯಾಬೇ ಕಾಣಿಸುತ್ತಿಲ್ಲ. ಫೈಲುಗಳಿಗೆ ಏನಾದರೂ ಆಗುತ್ತಾ? ಮೊದಲಿನ ಹಾಗೆ ಮಾಡುವುದು ಹೇಗೆ?

ಏನೂ ಆಗಿಲ್ಲ. ಡಿ ಡ್ರೈವಿನಲ್ಲಿದ್ದ ಫೈಲುಗಳು ಎಲ್ಲಿದ್ದವೋ ಅಲ್ಲೇ ಇವೆ, ಕೆಟ್ಟಿರುವುದು ವಿಳಾಸ ಮಾತ್ರ. ಹಾಗಾಗಿ ಈಗ ಗಾಬರಿಯಲ್ಲಿ ಯಾವುದನ್ನೂ ಕಟ್ ಮಾಡಿ ಪೇಸ್ಟ್ ಮಾಡಬೇಡಿ, ಡಿಲೀಟ್ ಮಾಡಬೇಡಿ, ಯಾರೋ ಹೇಳಿದರು ಅಂತ ಡ್ರೈವ್ ಫಾರ್ಮ್ಯಾಟ್ ಅಂತೂ ಮಾಡಲೇಬೇಡಿ. ಇಂಥ ಕಡೆ ಫೈಲು ಕಳೆದುಹೋಗುವುದು ಸಾಮಾನ್ಯವಾಗಿ ಸರಿಪಡಿಸುವ ಆತುರದಲ್ಲಿ. ಒಂದು ಹೊರಗಿನ ಹಾರ್ಡ್ ಡಿಸ್ಕ್ ಅಥವಾ ಪೆನ್ ಡ್ರೈವ್ ಇದ್ದರೆ ಫೋಟೋಗಳನ್ನೂ ಆಫೀಸಿನ ಫೈಲುಗಳನ್ನೂ ಮೊದಲು ಅದಕ್ಕೆ ಕಾಪಿ ಮಾಡಿಕೊಳ್ಳಿ. ಆಮೇಲೆ ಕೆಲಸಕ್ಕೆ ಕೈ ಹಾಕಿ.

ಆಗಿದ್ದು ಏನು ಅಂದರೆ, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಮ್ಯೂಸಿಕ್, ವಿಡಿಯೋಸ್, ಡೆಸ್ಕ್‌ಟಾಪ್ ಇವೆಲ್ಲ ನಾವು ಮಾಡಿಕೊಳ್ಳುವ ಮಾಮೂಲಿ ಫೋಲ್ಡರುಗಳ ಹಾಗಲ್ಲ. ಇವರ ಡೌನ್‌ಲೋಡ್ಸ್ ಇಂಥ ಕಡೆ ಇದೆ ಎಂದು ವಿಂಡೋಸ್ ತನ್ನ ರಿಜಿಸ್ಟ್ರಿಯಲ್ಲಿ, ಅಂದರೆ ಸೆಟ್ಟಿಂಗ್‌ಗಳನ್ನೆಲ್ಲ ಇಡುವ ತನ್ನ ದಾಖಲೆ ಪುಸ್ತಕದಲ್ಲಿ, ಬರೆದಿಟ್ಟುಕೊಂಡಿರುತ್ತದೆ. ಮನೆ ಬದಲಿಸಿದಾಗ ಪೋಸ್ಟ್ ಆಫೀಸಿಗೆ ಹೊಸ ವಿಳಾಸ ಕೊಡುತ್ತೇವಲ್ವಾ, ಲೊಕೇಶನ್ ಟ್ಯಾಬ್ ಮಾಡುವುದು ಅದೇ ಕೆಲಸ. ನೀವು ಡಿ ಡ್ರೈವ್ ಆರಿಸಿದಿರಿ, ಅದರೊಳಗೆ ಒಂದು ಫೋಲ್ಡರ್ ಮಾಡಿ ಆರಿಸಲಿಲ್ಲ. ವಿಂಡೋಸ್ ತಾನೇ ಒಳಗೊಂದು ಫೋಲ್ಡರ್ ಮಾಡಿಕೊಳ್ಳುವುದಿಲ್ಲ, ಕೊಟ್ಟ ವಿಳಾಸವನ್ನು ಹಾಗೇ ಬರೆದುಕೊಳ್ಳುತ್ತದೆ. ಜೊತೆಗೆ ಆ ಜಾಗದಲ್ಲಿ ಡೆಸ್ಕ್‌ಟಾಪ್ ಡಾಟ್ ಐಎನ್ಐ ಎಂಬ ಒಂದು ಬಚ್ಚಿಟ್ಟ ಫೈಲನ್ನೂ ಇಡುತ್ತದೆ. ಆ ಫೋಲ್ಡರಿಗೆ ಯಾವ ಹೆಸರು, ಯಾವ ಚಿತ್ರ ತೋರಿಸಬೇಕು ಎಂದು ಹೇಳುವುದು ಅದೇ. ಅದಕ್ಕೇ ಡ್ರೈವಿನ ಹೆಸರು ಡೌನ್‌ಲೋಡ್ಸ್ ಆಗಿದ್ದು. ಲೊಕೇಶನ್ ಟ್ಯಾಬ್ ಮಾಯವಾಗಿದ್ದಕ್ಕೂ ಇದೇ ಕಾರಣ: ಈಗ ಪ್ರಾಪರ್ಟೀಸ್ ಕೇಳಿದರೆ ಬರುವುದು ಫೋಲ್ಡರಿನದಲ್ಲ, ಡ್ರೈವಿನದು.

ಕೆಲವರಿಗೆ ಲೊಕೇಶನ್ ಟ್ಯಾಬ್ ಇನ್ನೂ ಕಾಣಿಸುತ್ತಿರಬಹುದು. ಅಂಥವರು ರಿಸ್ಟೋರ್ ಡಿಫಾಲ್ಟ್ ಒತ್ತಿ ಓಕೆ ಕೊಟ್ಟ ಕೂಡಲೇ, ಹಳೆಯ ಜಾಗದ ಫೈಲುಗಳನ್ನೆಲ್ಲ ಹೊಸ ಜಾಗಕ್ಕೆ ಸಾಗಿಸಲೇ ಎಂದು ವಿಂಡೋಸ್ ಕೇಳುತ್ತದೆ. ಇಲ್ಲಿ ನೋ ಒತ್ತಬೇಕು. ಮಾಮೂಲಿ ದಿನಗಳಲ್ಲಿ ಯೆಸ್ ಸರಿಯಾದ ಉತ್ತರವೇ, ಆದರೆ ಈಗ ಹಳೆಯ ಜಾಗ ಅಂದರೆ ಇಡೀ ಡಿ ಡ್ರೈವ್. ಯೆಸ್ ಅಂದರೆ ಡಿ ಡ್ರೈವಿನಲ್ಲಿರುವುದೆಲ್ಲ, ಮೊದಲೇ ತುಂಬಿ ತುಳುಕುತ್ತಿರುವ ಸಿ ಡ್ರೈವಿಗೆ ಹೊರಡುತ್ತದೆ, ಅರ್ಧ ದಾರಿಯಲ್ಲಿ ಜಾಗ ಸಾಲದೆ ನಿಲ್ಲುತ್ತದೆ, ಆಮೇಲೆ ಯಾವುದು ಅಲ್ಲಿದೆ ಯಾವುದು ಇಲ್ಲಿದೆ ಎಂದು ಹುಡುಕುವುದರಲ್ಲಿ ಇಡೀ ಭಾನುವಾರ ಹೋಗುತ್ತದೆ.

ನಿಮಗೆ ಟ್ಯಾಬ್ ಇಲ್ಲವಾದ್ದರಿಂದ ವಿಳಾಸವನ್ನು ರಿಜಿಸ್ಟ್ರಿಯಲ್ಲೇ ತಿದ್ದಬೇಕು. ಹೆದರುವ ಕೆಲಸವಲ್ಲ, ಆದರೆ ಹೇಳಿದ್ದಷ್ಟನ್ನೇ ಮುಟ್ಟಿ. ಮೊದಲು ಸಿ ಡ್ರೈವ್, ಯೂಸರ್ಸ್, ಅದರೊಳಗೆ ನಿಮ್ಮ ಹೆಸರಿನ ಫೋಲ್ಡರ್ ತೆರೆದು ಅಲ್ಲಿ ಡೌನ್‌ಲೋಡ್ಸ್ ಇದೆಯಾ ನೋಡಿ. ಇಲ್ಲದಿದ್ದರೆ ಅದೇ ಹೆಸರಲ್ಲಿ ಇಂಗ್ಲಿಷಿನಲ್ಲಿ ಹೊಸ ಫೋಲ್ಡರ್ ಮಾಡಿ. ಆಮೇಲೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ರೆಜ್‌ಎಡಿಟ್ (regedit) ಎಂದು ಟೈಪ್ ಮಾಡಿ ಎಂಟರ್ ಕೊಡಿ. ಎಡಗಡೆ ಎಚ್‌ಕೀ ಕರೆಂಟ್ ಯೂಸರ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಷನ್, ಎಕ್ಸ್‌ಪ್ಲೋರರ್ ಹೀಗೆ ಒಂದೊಂದಾಗಿ ಬಿಚ್ಚಿಕೊಂಡು ಹೋದರೆ ಯೂಸರ್ ಶೆಲ್ ಫೋಲ್ಡರ್ಸ್ ಸಿಗುತ್ತದೆ. ಅದೇ ಪಟ್ಟಿಯಲ್ಲಿ ಬರೀ ಶೆಲ್ ಫೋಲ್ಡರ್ಸ್ ಎಂದು ಇನ್ನೊಂದಿದೆ, ಅದು ಬೇಡ. ತೆರೆದು ನೋಡಿದರೆ ಈ ಕೀ ಬಳಸಬೇಡಿ ಎಂದು ಅದರೊಳಗೇ ಬರೆದಿಟ್ಟಿದ್ದಾರೆ.

ಯೂಸರ್ ಶೆಲ್ ಫೋಲ್ಡರ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಕೊಟ್ಟು ಒಂದು ಪ್ರತಿ ಉಳಿಸಿಕೊಳ್ಳಿ. ಏನಾದರೂ ಎಡವಟ್ಟಾದರೆ ಆ ಫೈಲನ್ನು ಡಬಲ್ ಕ್ಲಿಕ್ ಮಾಡಿ ವಾಪಸ್ ತರಬಹುದು. ಈಗ ಬಲಗಡೆ ನೋಡಿ. ಡೌನ್‌ಲೋಡ್ಸ್ ಎಂಬ ಹೆಸರು ಅಲ್ಲಿ ಸಿಗುವುದಿಲ್ಲ, ಅದರ ಬದಲು 374ಡಿಇ290 ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಇರುತ್ತದೆ. ಅದರ ಮುಂದೆ ಡಿ ಡ್ರೈವಿನ ವಿಳಾಸ ಕಾಣುತ್ತದೆ. ಡಬಲ್ ಕ್ಲಿಕ್ ಮಾಡಿ ಅದನ್ನು ಅಳಿಸಿ, ಇಂಗ್ಲಿಷ್ ಅಕ್ಷರದಲ್ಲಿ %ಯೂಸರ್‌ಪ್ರೊಫೈಲ್%\ಡೌನ್‌ಲೋಡ್ಸ್ (%USERPROFILE%\Downloads) ಎಂದು ಬರೆಯಿರಿ, ಎರಡೂ ಕಡೆ ಪರ್ಸೆಂಟ್ ಚಿಹ್ನೆ ಬಿಡಬೇಡಿ. ಇನ್ನೊಂದು ಸಾಲಿನಲ್ಲೂ ಬರೀ ಡಿ ಡ್ರೈವ್ ಎಂದಿದ್ದರೆ, ಸಾಮಾನ್ಯವಾಗಿ ಅದು 7ಡಿ83 ಎಂದು ಶುರುವಾಗುತ್ತದೆ, ಅದನ್ನೂ ಹೀಗೇ ತಿದ್ದಿ. ಎಲ್ಲ ಮುಚ್ಚಿ ಸೈನ್ ಔಟ್ ಆಗಿ ಮತ್ತೆ ಒಳಗೆ ಬನ್ನಿ.

ವಿಳಾಸ ಸರಿಯಾಯಿತು, ಆದರೂ ಡ್ರೈವಿನ ಹೆಸರು ಇನ್ನೂ ಡೌನ್‌ಲೋಡ್ಸ್ ಎಂದೇ ಇರಬಹುದು. ಆ ಬಚ್ಚಿಟ್ಟ ಫೈಲು ಇನ್ನೂ ಅಲ್ಲೇ ಇದೆಯಲ್ಲ. ಫೈಲ್ ಎಕ್ಸ್‌ಪ್ಲೋರರಿನ ಫೋಲ್ಡರ್ ಆಪ್ಷನ್ಸ್‌ನಲ್ಲಿ ಹಿಡನ್ ಫೈಲ್ ತೋರಿಸುವ ಆಯ್ಕೆ ಹಾಕಿ, ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲುಗಳನ್ನು ಮರೆಮಾಡುವ ಟಿಕ್ ತೆಗೆಯಿರಿ. ಡಿ ಡ್ರೈವ್ ತೆರೆದ ತಕ್ಷಣ, ಯಾವ ಫೋಲ್ಡರಿನ ಒಳಗೂ ಹೋಗದೆ, ಎದುರಿಗೇ ಮಸುಕಾಗಿ ಕಾಣುವ ಡೆಸ್ಕ್‌ಟಾಪ್ ಡಾಟ್ ಐಎನ್ಐ ಇರುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಲೋಕಲೈಸ್ಡ್ ರಿಸೋರ್ಸ್ ನೇಮ್ ಎಂಬ ಸಾಲು ಕಾಣುತ್ತದೆ, ಹೆಸರು ಬದಲಿಸಿದ್ದು ಅದೇ ಸಾಲು. ಆ ಒಂದು ಫೈಲನ್ನು ಮಾತ್ರ ಡಿಲೀಟ್ ಮಾಡಿ. ಬೇರೆ ಫೋಲ್ಡರುಗಳಲ್ಲೂ ಇದೇ ಹೆಸರಿನ ಫೈಲುಗಳಿರುತ್ತವೆ, ಅವುಗಳ ತಂಟೆಗೆ ಹೋಗಬೇಡಿ. ಮುಗಿದ ಮೇಲೆ ಆ ಟಿಕ್ ಮತ್ತೆ ಹಾಕಿಬಿಡಿ.

ಸಿ ಡ್ರೈವಿನಲ್ಲಿ ಜಾಗ ಬೇಕು ಎನ್ನುವುದು ನಿಮ್ಮ ಮೊದಲಿನ ಆಸೆ, ಅದೇನೂ ತಪ್ಪಲ್ಲ. ಡಿ ಡ್ರೈವಿನೊಳಗೆ ಡೌನ್‌ಲೋಡ್ಸ್ ಎಂಬ ಫೋಲ್ಡರ್ ಮಾಡಿ. ಸಿ ಡ್ರೈವಿನ ಡೌನ್‌ಲೋಡ್ಸ್ ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ಟ್ಯಾಬ್ ಈಗ ವಾಪಸ್ ಬಂದಿರುತ್ತದೆ. ಮೂವ್ ಒತ್ತಿ ಆ ಹೊಸ ಫೋಲ್ಡರನ್ನೇ ಆರಿಸಿ. ಈ ಸಲ ಫೈಲು ಸಾಗಿಸಲೇ ಎಂದು ಕೇಳಿದರೆ ಯೆಸ್ ಎನ್ನಬಹುದು. ಮೊದಲ ಸಲವೇ ಡಿ ಡ್ರೈವಿನಲ್ಲಿ ಬಿಡಿಬಿಡಿಯಾಗಿ ಹರಡಿಕೊಂಡಿರುವ ಡೌನ್‌ಲೋಡುಗಳಿದ್ದರೆ, ಅವನ್ನು ನಿಧಾನವಾಗಿ ಕೈಯಲ್ಲೇ ಆರಿಸಿ ಇದರೊಳಗೆ ಹಾಕಿ.

ಇದೇ ಜಾತಿಯ ಇನ್ನೊಂದು ತೊಂದರೆ, ಡಾಕ್ಯುಮೆಂಟ್ಸ್ ಮತ್ತು ಪಿಕ್ಚರ್ಸ್ ಎರಡಕ್ಕೂ ಒಂದೇ ಫೋಲ್ಡರ್ ಕೊಟ್ಟುಬಿಡುವುದು. ಎರಡೂ ಕಲಸಿಹೋಗುತ್ತವೆ, ಒಂದನ್ನು ಎಳೆದರೆ ಇನ್ನೊಂದೂ ಬರುತ್ತದೆ. ಚಿಕಿತ್ಸೆ ಇದೇ, ಯೂಸರ್ ಶೆಲ್ ಫೋಲ್ಡರ್ಸ್‌ನಲ್ಲಿ ಎರಡಕ್ಕೂ ಬೇರೆ ಬೇರೆ ವಿಳಾಸ ಬರೆಯುವುದು. ಡಾಕ್ಯುಮೆಂಟ್ಸ್ ಅಲ್ಲಿ ಪರ್ಸನಲ್ ಎಂಬ ಹೆಸರಲ್ಲಿದೆ, ಪಿಕ್ಚರ್ಸ್ ಇರುವುದು ಮೈ ಪಿಕ್ಚರ್ಸ್ ಎಂದು. ವಿಳಾಸದಲ್ಲಿ ಒನ್‌ಡ್ರೈವ್ (ಮೈಕ್ರೋಸಾಫ್ಟಿನ ಆನ್‌ಲೈನ್ ಸಂಗ್ರಹ) ಎಂಬ ಹೆಸರು ಕಂಡರೆ ಮಾತ್ರ ರಿಜಿಸ್ಟ್ರಿ ಮುಟ್ಟಬೇಡಿ. ಮೊದಲು ಒನ್‌ಡ್ರೈವ್ ಸೆಟ್ಟಿಂಗ್ಸ್‌ಗೆ ಹೋಗಿ ಮ್ಯಾನೇಜ್ ಬ್ಯಾಕಪ್‌ನಲ್ಲಿ ಆ ಫೋಲ್ಡರಿನ ಬ್ಯಾಕಪ್ ನಿಲ್ಲಿಸಿ.

ಹಳೆಯ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಎಂಬ ವೇಗದ ಡ್ರೈವ್ ಹಾಕಿಸಿದ ಮೇಲೆ ಲೊಕೇಶನ್ ಈಸ್ ನಾಟ್ ಅವೈಲೆಬಲ್ ಎಂದು ಬರುತ್ತಿದ್ದರೆ ಅದರ ಕಥೆ ಬೇರೆ. ಅಲ್ಲಿ ವಿಳಾಸ ಸರಿಯಾಗಿಯೇ ಇರುತ್ತದೆ, ಡ್ರೈವಿನ ಅಕ್ಷರ ಡಿ ಇದ್ದದ್ದು ಇ ಆಗಿರುತ್ತದೆ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಆ ಡ್ರೈವಿಗೆ ಹಳೆಯ ಅಕ್ಷರವನ್ನೇ ಕೊಟ್ಟರೆ ಸಾಕು. ಆ ಅಕ್ಷರವನ್ನು ಬೇರೆ ಡ್ರೈವ್ ಹಿಡಿದುಕೊಂಡಿದ್ದರೆ ಮೊದಲು ಅದಕ್ಕೆ ಬೇರೊಂದು ಅಕ್ಷರ ಕೊಡಿ. ಸಿ ಡ್ರೈವಿನ ಅಕ್ಷರ ಮಾತ್ರ ಮುಟ್ಟಬೇಡಿ.

ಜಾಗ ಇನ್ನೂ ಸಾಲದು ಅಂತ ತಂತ್ರಾಂಶಗಳು ತಮ್ಮ ಮಾಹಿತಿ ಇಟ್ಟುಕೊಳ್ಳುವ ಆಪ್‌ಡೇಟಾ, ಪ್ರೋಗ್ರಾಂ ಫೈಲ್ಸ್ ಅಥವಾ ಇಡೀ ಯೂಸರ್ಸ್ ಫೋಲ್ಡರನ್ನು ಡಿ ಡ್ರೈವಿಗೆ ಸಾಗಿಸಲು ಹೋಗಬೇಡಿ, ತಂತ್ರಾಂಶಗಳೂ ಅಪ್‌ಡೇಟುಗಳೂ ಕೈಕೊಡುತ್ತವೆ. ಡೆಸ್ಕ್‌ಟಾಪನ್ನು ಪೆನ್ ಡ್ರೈವಿಗೆ ಹಾಕುವುದೂ ಬೇಡ, ಕಿತ್ತ ದಿನ ಖಾಲಿ ಪರದೆ ಎದುರಿಗಿರುತ್ತದೆ. ಮತ್ತೆ ಕ್ರೋಮ್‌ನಲ್ಲಿ ನೀವೇ ಬೇರೆ ಜಾಗ ಆರಿಸಿಟ್ಟಿದ್ದರೆ ಅದು ಈ ಬದಲಾವಣೆಯನ್ನು ಹಿಂಬಾಲಿಸುವುದಿಲ್ಲ. ಅದರ ಸೆಟ್ಟಿಂಗ್ಸ್‌ನ ಡೌನ್‌ಲೋಡ್ಸ್ ವಿಭಾಗಕ್ಕೆ ಹೋಗಿ, ಹೊಸ ಫೋಲ್ಡರನ್ನು ಅಲ್ಲೂ ಒಮ್ಮೆ ತೋರಿಸಿಬಿಡಿ.